ನೀರುಗಂಟಿಯಿಲ್ಲದ ತೂಬು



ಈ ದತ್ತಿಯನ್ನು ಸ್ಥಾಪಿಸಿದ ಮಹನೀಯರು ತಮ್ಮ ದಾನಪತ್ರದಲ್ಲಿ ಒಂದೇ ಒಂದು ನಿಬಂಧನೆಯನ್ನು ಬರೆದಿಟ್ಟಿದ್ದಾರಂತೆ: ಉಪನ್ಯಾಸಕನು ತನ್ನ ಶಾಸ್ತ್ರದ ವಿಷಯವನ್ನು, ಆ ಶಾಸ್ತ್ರದ ಹೊರಗಿರುವವರೂ ಮನೆಗೆ ಹೋಗಿ ಮತ್ತೊಬ್ಬರಿಗೆ ಹೇಳಬಲ್ಲಂತೆ, ಕನ್ನಡದಲ್ಲಿ ಹೇಳತಕ್ಕದ್ದು. ನಿಬಂಧನೆ ಸಣ್ಣದು, ಆದರೆ ಜೀವರಸಾಯನವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬಾಣದ ಗುರುತುಗಳಿಂದಲೇ ಬೋಧಿಸಿ ಜೀವನ ಸಾಗಿಸಿದ ನನ್ನಂಥವನಿಗೆ ಅದು ಕಠಿನವಾದುದು. ಆ ಗುರುತುಗಳನ್ನು ಕಿತ್ತುಕೊಂಡರೆ ನನ್ನ ಕೈಯಲ್ಲಿ ಉಳಿಯುವುದೇನೆಂದು ಈ ಒಂದು ತಿಂಗಳು ಯೋಚಿಸಿದೆ. ಉಳಿಯುವುದೊಂದು ಕಥೆ, ಆ ಕಥೆಯಾದರೂ ಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ ನಾನು ಬಾಲ್ಯದಲ್ಲಿ ಕಂಡುದನ್ನು ಬಹುವಾಗಿ ಹೋಲುತ್ತದೆಂದು ತೋರಿತು.

ಹಳೆಯ ಮೈಸೂರು ಸೀಮೆಯ ಹಿರಿಯರಿಗೆ ನೀರುಗಂಟಿಯ ನೆನಪಿರಬೇಕು. ಕೆರೆಯ ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾವ ದಿನ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಬಾಯಿಪಾಠವಾಗಿ ಬಲ್ಲ ಆತನು ಹೆಗಲ ಮೇಲೆ ಗುದ್ದಲಿಯನ್ನಿಟ್ಟುಕೊಂಡು, ಕಾಲುವೆಯ ಕವಲಿನಿಂದ ಕವಲಿಗೆ ನಡೆಯುತ್ತ, ಒಂದು ಕಡೆ ಮಣ್ಣು ಹಾಕಿ ಮುಚ್ಚುತ್ತ, ಇನ್ನೊಂದು ಕಡೆ ಕಡಿದು ಬಿಡುತ್ತ ಊರಿನ ಅಚ್ಚುಕಟ್ಟನ್ನೆಲ್ಲ ಕಾಯುತ್ತಿದ್ದನು. ನಾನು ಈ ಸಂಜೆ ನಿಮ್ಮ ಮುಂದಿಡುವುದು ಅಂಥ ನೀರುಗಂಟಿಯೇ ಇಲ್ಲದ ಒಂದು ತೂಬಿನ ವೃತ್ತಾಂತವನ್ನು: ಮಿಲಿಮೀಟರಿನ ಐನೂರರಲ್ಲೊಂದು ಭಾಗದಷ್ಟು ಉದ್ದವಾದ ಬ್ಯಾಕ್ಟೀರಿಯದ ಒಡಲಿನಲ್ಲಿ ಹರಿಯುವ ಸಕ್ಕರೆಯು, ಆಮ್ಲಜನಕದ ಉರಿ ತಾಗಿದ ಕೆಲವೇ ಸೆಕೆಂಡುಗಳೊಳಗೆ, ಯಾರ ಅಪ್ಪಣೆಯನ್ನೂ ಕಾಯದೆ ಒಂದು ಕಾಲುವೆಯನ್ನು ಬಿಟ್ಟು ಮತ್ತೊಂದನ್ನು ಹಿಡಿಯುವ ಬಗೆಯನ್ನು.

ಮೊದಲು ಆ ಉರಿಯ ವಿಚಾರ. ಆಮ್ಲಜನಕವನ್ನು ನಾವು ಪ್ರಾಣವಾಯುವೆಂದು ಕರೆದು ಗೌರವಿಸಿದ್ದೇವೆ, ಗೌರವ ಸಲ್ಲತಕ್ಕುದೇ. ಆದರೆ ಭೂಮಿಯ ವಾಯುಮಂಡಲದಲ್ಲಿ ಅದು ಗಣನೀಯವಾಗಿ ಸೇರಿಕೊಂಡುದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಜೀವವೋ ಅದಕ್ಕೂ ಬಹು ಹಿಂದಿನದು. ಆಮ್ಲಜನಕದ ಪರಿಚಯವೇ ಇಲ್ಲದ ಆ ಯುಗದಲ್ಲಿ ಜೀವಿಗಳು ಕಬ್ಬಿಣವನ್ನೂ ಗಂಧಕವನ್ನೂ ಧಾರಾಳವಾಗಿ ಬಳಸಿ ತಮ್ಮ ಕಿಣ್ವಗಳನ್ನು ಕಟ್ಟಿಕೊಂಡವು. ಮನೆಯನ್ನೆಲ್ಲ ಹುಲ್ಲು ಹೊದಿಸಿ ಕಟ್ಟಿ ಮುಗಿಸಿದ ಮೇಲೆ ನೆರೆಯಲ್ಲಿ ಕಮ್ಮಾರನು ಕುಲುಮೆ ಹೂಡಿದಂತಾಯಿತು ಅವುಗಳ ಪಾಡು. ಆಮ್ಲಜನಕದ ಅಣುವಿಗೆ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕೊಳ್ಳುವ ಅಭ್ಯಾಸವಿದೆ. ನಾಲ್ಕನ್ನೂ ಕೊಂಡು ಮುಗಿಸಿದರೆ ಅದು ನಿರಪಾಯಕರವಾದ ನೀರು. ಒಂದನ್ನು ಕೊಂಡು ನಡುದಾರಿಯಲ್ಲಿ ನಿಂತರೆ ಸೂಪರಾಕ್ಸೈಡ್. ಎರಡನ್ನು ಕೊಂಡು ನಿಂತರೆ ಹೈಡ್ರೋಜನ್ ಪೆರಾಕ್ಸೈಡ್. ಮೂರನ್ನು ಕೊಂಡರೆ ಹೈಡ್ರಾಕ್ಸಿಲ್, ತಾನು ಹುಟ್ಟಿದ ಜಾಗದಿಂದ ನಾಲ್ಕು ಹೆಜ್ಜೆ ನಡೆಯುವ ಮೊದಲೇ ಎದುರಾದುದನ್ನು ಸುಟ್ಟುಹಾಕುವ ದೂರ್ವಾಸ.

ಇವುಗಳಲ್ಲಿ ಮಧ್ಯದ್ದನ್ನು ನೀವೆಲ್ಲ ಬಲ್ಲಿರಿ. ಮಂಡಿ ತರಚಿದ ಹುಡುಗನ ಗಾಯಕ್ಕೆ ಔಷಧಾಲಯದಲ್ಲಿ ಸುರಿಯುವ, ಸುರಿದೊಡನೆ ಬುರುಬುರು ನೊರೆಯೇಳುವ ದ್ರವವೇ ಅದು. 1818ರಲ್ಲಿ ಪ್ಯಾರಿಸಿನ ಥೆನಾರ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಮೊದಲು ಪಡೆದನು. ನೊರೆಯೇಳುವುದು ಔಷಧದ ಶೌರ್ಯವೆಂದು ನಾವು ನಂಬಿದ್ದೆವು. ನಿಜದಲ್ಲಿ ಅದು ಔಷಧದ ಸೋಲು, ಏಕೆಂದರೆ ನಮ್ಮ ರಕ್ತದಲ್ಲಿಯೂ ಅಂಗಾಂಶದಲ್ಲಿಯೂ ಇರುವ ಕೆಟಲೇಸ್ ಎಂಬ ಕಿಣ್ವವು ಪೆರಾಕ್ಸೈಡನ್ನು ನೀರಾಗಿಯೂ ಆಮ್ಲಜನಕವಾಗಿಯೂ ಸೀಳಿಹಾಕುತ್ತಿರುವುದರ ಕುರುಹೇ ಆ ನೊರೆ. 1894ರಲ್ಲಿ ಕೇಂಬ್ರಿಜ್ಜಿನ ಫೆಂಟನ್ನನು ಟಾರ್ಟಾರಿಕ್ ಆಮ್ಲಕ್ಕೆ, ಎಂದರೆ ನಮ್ಮ ಹುಣಿಸೆಹಣ್ಣಿಗೆ ಹುಳಿಯನ್ನು ಕೊಟ್ಟಿರುವ ಆ ವಸ್ತುವಿಗೇ, ಪೆರಾಕ್ಸೈಡನ್ನೂ ಕಬ್ಬಿಣದ ಲವಣದ ಲೇಶವನ್ನೂ ಬೆರೆಸಿ, ಸುಮ್ಮನಿದ್ದ ಪೆರಾಕ್ಸೈಡು ಕಬ್ಬಿಣದ ಸಹವಾಸದಲ್ಲಿ ಎಂಥ ಉಗ್ರರೂಪವನ್ನು ತಾಳುವುದೆಂಬುದನ್ನು ತೋರಿಸಿದನು. ಈ ಕ್ರಿಯೆಗೆ ಜೀವಕೋಶದಲ್ಲಿಯೂ ಪಾತ್ರವಿದೆಯೆಂದು ಮನದಟ್ಟಾಗಲು ಬಹುಕಾಲ ಹಿಡಿಯಿತು. ಎತ್ತಿನ ರಕ್ತದಿಂದ 1938ರಲ್ಲಿಯೇ ಬೇರ್ಪಡಿಸಿ, ತಾಮ್ರವನ್ನು ಕೂಡಿಡುವ ಉಗ್ರಾಣವಿರಬೇಕೆಂದು ಪಕ್ಕಕ್ಕಿರಿಸಿದ್ದ ಒಂದು ಪ್ರೋಟೀನನ್ನು ಡ್ಯೂಕ್ ವಿಶ್ವವಿದ್ಯಾನಿಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ಮತ್ತೆ ಕೈಗೆತ್ತಿಕೊಂಡು, ಸೂಪರಾಕ್ಸೈಡನ್ನು ಇಲ್ಲವಾಗಿಸುವುದೇ ಅದರ ಕಸುಬೆಂದು ಸಾಧಿಸಿದಾಗ ಈ ಶಾಸ್ತ್ರಶಾಖೆಯೇ ಹುಟ್ಟಿತೆನ್ನಬಹುದು: ಕಾವಲುಗಾರನಿದ್ದಾನೆಂದ ಮೇಲೆ ಕಳ್ಳನೂ ಇರಲೇಬೇಕಲ್ಲವೇ!

ಕಳ್ಳನು ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮ ಕರುಳಿನ ನಿವಾಸಿಯಾದ ಎಶರೀಷಿಯ ಕೋಲೈ ಎಂಬ ಬ್ಯಾಕ್ಟೀರಿಯವು ಗಾಳಿಯಲ್ಲಿ ಸಕ್ಕರೆಯುಂಡು ನೆಮ್ಮದಿಯಿಂದ ಬೆಳೆಯುತ್ತಿರುವಾಗಲೂ ಅದರೊಳಗೆ ಸೆಕೆಂಡಿಗೆ ಸುಮಾರು 10ರಿಂದ 15 ಮೈಕ್ರೋಮೋಲಾರಿನಷ್ಟು ಪೆರಾಕ್ಸೈಡು ತಾನಾಗಿ ಹುಟ್ಟುತ್ತಿರುತ್ತದೆಂದು ಇಲಿನಾಯ್ ವಿಶ್ವವಿದ್ಯಾನಿಲಯದ ಜೇಮ್ಸ್ ಇಮ್ಲೆಯವರ ಪ್ರಯೋಗಶಾಲೆಯವರು ಅಳೆದಿದ್ದಾರೆ. ಹುಟ್ಟಿದುದನ್ನು ಹುಟ್ಟಿದಂತೆಯೇ ಗುಡಿಸಿಹಾಕುವ ಕಿಣ್ವಗಳಿರುವುದರಿಂದ ಬಾಳು ಸಾಗುತ್ತದೆ. ಆ ಕಸಪೊರಕೆಯ ಅಳತೆಯನ್ನು ಮೀರಿ ಪೆರಾಕ್ಸೈಡು ನುಗ್ಗಿದಾಗ ಪೆಟ್ಟು ಮೂರು ಕಡೆ ಬೀಳುತ್ತದೆ. ಕಬ್ಬಿಣ ಗಂಧಕಗಳ ಗೊಂಚಲನ್ನು ಹೃದಯದಲ್ಲಿಟ್ಟುಕೊಂಡ ಕಿಣ್ವಗಳು ಗೊಂಚಲನ್ನು ಕಳೆದುಕೊಂಡು ಸ್ತಬ್ಧವಾಗುತ್ತವೆ. ಹಾಗೆ ಉದುರಿದ ಕಬ್ಬಿಣವು ಫೆಂಟನ್ನನ ಮಾರ್ಗವನ್ನು ಹಿಡಿದು ವಂಶವಾಹಿಯ ಎಳೆಯನ್ನೇ ಕತ್ತರಿಸುತ್ತದೆ. ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕವನ್ನು ಕೆಲಸದ ಕೈಯಾಗಿ ಮಾಡಿಕೊಂಡ ಕಿಣ್ವಗಳು ಆ ಕೈ ಸುಟ್ಟುಕೊಂಡು ಕೂರುತ್ತವೆ. ಈ ಮೂರನೆಯ ಪೆಟ್ಟನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಕಥೆಯ ಸ್ವಾರಸ್ಯವೆಲ್ಲ ಅದರಲ್ಲಿದೆ.

ಈಗ ಸಕ್ಕರೆಗೆ ಬರೋಣ. ಗ್ಲೂಕೋಸೆಂಬ ಆರು ಇಂಗಾಲಗಳ ಸಕ್ಕರೆಯು ಕೋಶದೊಳಗೆ ಬಂದೊಡನೆ ಅದಕ್ಕೊಂದು ಫಾಸ್ಫೇಟಿನ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಸಕ್ಕರೆಯೇ ಕವಲುದಾರಿಯ ಮೂಲ. ಮೊದಲನೆಯದು ಹೆದ್ದಾರಿ: ಎಂಬ್ಡೆನ್, ಮೇಯರ್‌ಹೋಫ್, ಪಾರ್ನಾಸ್ ಎಂಬ ಮೂವರ ಹೆಸರಿನಿಂದ ಪ್ರಸಿದ್ಧವಾದ, ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಜಪಿಸುವ ಗ್ಲೈಕೊಲಿಸಿಸ್ ಮಾರ್ಗ. ಇಲ್ಲಿ ಆರು ಇಂಗಾಲಗಳ ಸಕ್ಕರೆಯು ಮೂರು ಮೂರರ ಎರಡು ತುಂಡುಗಳಾಗಿ, ಕ್ರಮೇಣ ಉತ್ಕರ್ಷಣಗೊಂಡು, ಎಟಿಪಿ ಎಂಬ ದಿನಬಳಕೆಯ ನಾಣ್ಯವನ್ನು ಗಳಿಸಿಕೊಡುತ್ತದೆ. ಚಲನೆಗೆ, ಬೆಳವಣಿಗೆಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಆ ಅವಸರದ ಸಂಸಾರಕ್ಕೆ ಬೇಕಾದುದು ಈ ನಾಣ್ಯವೇ. ಎರಡನೆಯದು ಪಕ್ಕದ ಕವಲು. ಬರ್ಲಿನ್ನಿನ ಓಟ್ಟೊ ವಾರ್‌ಬುರ್ಗ್ 1930ರ ದಶಕದಲ್ಲಿ ಅದರ ಬಾಗಿಲಿನಲ್ಲಿ ನಿಂತ ಕಿಣ್ವವನ್ನು ಕಂಡು, ಅದು ಎಲ್ಲಿಗೆ ಒಯ್ಯುವುದೆಂಬುದು ಅಂದು ಸ್ಪಷ್ಟವಿಲ್ಲದುದರಿಂದಲೋ ಏನೋ, ‘ನಡುವಣ ಕಿಣ್ವ’ ಎಂಬರ್ಥ ಬರುವ ಜರ್ಮನ್ ಹೆಸರನ್ನು ಅದಕ್ಕಿಟ್ಟನು. ಇಂದು ಆ ಕಿಣ್ವವನ್ನು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜನೇಸ್ ಎಂಬ ಮಾರುದ್ದದ ಹೆಸರಿನಿಂದ ಕರೆಯುತ್ತೇವೆ. ನನಗಂತೂ ವಾರ್‌ಬುರ್ಗನ ಹೆಸರೇ ಸೊಗಸಾಗಿ ಕಾಣುವುದರಿಂದ ನಡುವಣ ಕಿಣ್ವವೆಂದೇ ಮುಂದೆಯೂ ಹೇಳುತ್ತೇನೆ. ಈ ಕವಲನ್ನು ಹಿಡಿದ ಸಕ್ಕರೆಯು ಒಂದು ಇಂಗಾಲವನ್ನು ಗಾಳಿಗೆ ಚೆಲ್ಲಿ ಐದು ಇಂಗಾಲಗಳ ಪೆಂಟೋಸ್ ಆಗುತ್ತದೆ, ಆಗುವ ದಾರಿಯಲ್ಲಿ ಎನ್‌ಎಡಿಪಿಎಚ್ ಎಂಬ ಬೇರೊಂದು ನಾಣ್ಯವನ್ನು ಎರಡು ಬಾರಿ ಟಂಕಿಸುತ್ತದೆ.

ಎರಡು ಟಂಕಸಾಲೆಗಳೇಕೆ ಎಂದು ನೀವು ಕೇಳಬಹುದು. ಮೊದಲನೆಯ ನಾಣ್ಯದಿಂದ ಕೆಲಸ ನಡೆಯುತ್ತದೆ. ಎರಡನೆಯದರಿಂದ ಕಟ್ಟಡವೂ ದುರಸ್ತಿಯೂ ನಡೆಯುತ್ತವೆ. ಉತ್ಕರ್ಷಣವೆಂಬುದು ಎಲೆಕ್ಟ್ರಾನಿನ ಅಪಹಾರವಾದರೆ ಅಪಕರ್ಷಣವು ಅದರ ಪುನರ್ದಾನ, ಮತ್ತು ಎನ್‌ಎಡಿಪಿಎಚ್ ಆ ದಾನಕ್ಕೆಂದೇ ಮೀಸಲಾದ ಗಂಟು. ಸುಟ್ಟುಕೊಂಡ ಗಂಧಕದ ಕೈಗಳನ್ನು ಸರಿಪಡಿಸುವ ಗ್ಲುಟಾಥಯೋನ್, ಥಯೋರೆಡಾಕ್ಸಿನ್ ಎಂಬ ಪರಿಚಾರಕರು ತಾವೇ ಉತ್ಕರ್ಷಣಗೊಂಡು ಬಂದಾಗ ಅವರನ್ನು ಮತ್ತೆ ಕೆಲಸಕ್ಕೆ ಯೋಗ್ಯರನ್ನಾಗಿ ಮಾಡುವುದು ಈ ಗಂಟಿನ ಖರ್ಚಿನಲ್ಲಿ. ಪೆರಾಕ್ಸೈಡನ್ನು ನೇರವಾಗಿ ಒಡೆಯುವ ಕೆಲಸವೆಲ್ಲವೂ ಇದರಿಂದಲೇ ಆಗುತ್ತದೆಂದು ಕೆಲವು ಪಠ್ಯಪುಸ್ತಕಗಳು ಅವಸರದಲ್ಲಿ ಬರೆಯುವುದುಂಟು, ಅದು ಸರಿಯಲ್ಲ. ಕೆಟಲೇಸಿಗೆ ಯಾವ ನಾಣ್ಯವೂ ಬೇಡ. ಕೋಲೈಯ ಇನ್ನೊಂದು ಮುಖ್ಯ ಪೆರಾಕ್ಸೈಡುನಾಶಕ ಕಿಣ್ವವು ಎನ್‌ಎಡಿಎಚ್ ಎಂಬ, ಹೆಸರಿನಲ್ಲಿ ಒಂದಕ್ಷರ ಕಡಮೆಯಾದ, ಸೋದರ ನಾಣ್ಯವನ್ನು ಕೇಳುತ್ತದೆ. ಹಾಗಿದ್ದರೂ ಬೆಂದ ಮನೆಯನ್ನು ಮತ್ತೆ ಕಟ್ಟುವುದು ಬೆಂಕಿಯನ್ನು ಆರಿಸುವುದಕ್ಕಿಂತ ಹೆಚ್ಚಿನ ಕೆಲಸ, ಮತ್ತು ಆ ಖರ್ಚಿನ ಬಹುಭಾಗ ಎನ್‌ಎಡಿಪಿಎಚ್‌ನದು.

ಈ ಪಕ್ಕದ ಕವಲಿಗೆ ಒಂದು ವಿಚಿತ್ರ ಗುಣವಿದೆ. ಐದು ಇಂಗಾಲಗಳ ಸಕ್ಕರೆಗಳು ಕೆಲವು ಕಿಣ್ವಗಳ ಚಾತುರ್ಯದಿಂದ ತಮ್ಮ ಇಂಗಾಲಗಳನ್ನು ಎರಡೆರಡಾಗಿ ಮೂರು ಮೂರಾಗಿ ಕೈಬದಲಿಸಿಕೊಂಡು ಮತ್ತೆ ಆರು ಇಂಗಾಲಗಳ ಸಕ್ಕರೆಗಳಾಗಬಲ್ಲವು. ಹಾಗಾದವು ಹೆದ್ದಾರಿಯನ್ನು ಹಿಮ್ಮುಖವಾಗಿ ಏರಿ ಕವಲಿನ ಬಾಯಿಗೆ ಬಂದು ಮತ್ತೊಮ್ಮೆ ಸುತ್ತಬಲ್ಲವು. ಒಂದು ಸಕ್ಕರೆಯ ಆರು ಇಂಗಾಲಗಳೂ ಹೀಗೆ ಸುತ್ತಿ ಸುತ್ತಿ ಗಾಳಿಗೆ ಹೋದರೆ ಹನ್ನೆರಡು ಎನ್‌ಎಡಿಪಿಎಚ್‌ಗಳು ದೊರೆಯುತ್ತವೆಂಬುದು ಲೆಕ್ಕ. ಬೆಳವಣಿಗೆಯ ದೃಷ್ಟಿಯಿಂದ ಇದು ಶುದ್ಧ ದುಂದು. ಸಂಕಟಕಾಲದಲ್ಲಿ ಮನೆಯ ಬೆಳ್ಳಿಯನ್ನು ಕರಗಿಸುವುದನ್ನು ಯಾರೂ ದುಂದೆನ್ನುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ: ನೀರನ್ನು ತಿರುಗಿಸುವವರು ಯಾರು? ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವಿಜ್ಞಾನಿಗಳು ಸ್ವಾಭಾವಿಕವಾಗಿಯೇ ವಂಶವಾಹಿಗಳ ಕಡೆ ನೋಡಿದರು. 1985ರಲ್ಲಿ ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ ಬ್ರೂಸ್ ಏಮ್ಸ್ ಮತ್ತು ಅವರ ಸಂಗಡಿಗರು ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಕ್ಕೆ ಕೊಲ್ಲದಷ್ಟು ಪೆರಾಕ್ಸೈಡನ್ನು ಮೊದಲು ಉಣಿಸಿದರೆ, ಅದು ಸುಮಾರು 30 ಪ್ರೋಟೀನುಗಳನ್ನು ಹೊಸದಾಗಿ ತಯಾರಿಸಿಕೊಂಡು, ಅನಂತರ ಬರುವ ಕೊಲ್ಲುವ ಪ್ರಮಾಣವನ್ನೂ ತಾಳಿಕೊಳ್ಳುವುದೆಂದು ತೋರಿಸಿದರು. ಆ ಪ್ರೋಟೀನುಗಳಲ್ಲಿ ಒಂದು ಗುಂಪಿನ ಯಜಮಾನನಿಗೆ ಆಕ್ಸಿಆರ್ ಎಂದು ಹೆಸರಾಯಿತು. ಈ ಆಕ್ಸಿಆರ್ ತನ್ನೊಳಗಿನ ಎರಡು ಗಂಧಕಗಳನ್ನು ಪೆರಾಕ್ಸೈಡು ಜೋಡಿಸಿ ಗಂಟುಹಾಕಿದಾಗ ಎಚ್ಚರಗೊಳ್ಳುತ್ತದೆ. 1990ರ ಸುಮಾರಿನಲ್ಲಿ ಇನ್ನೊಂದು ಜೋಡಿ ಬೆಳಕಿಗೆ ಬಂತು: ಸಾಕ್ಸ್‌ಆರ್, ಸಾಕ್ಸ್‌ಎಸ್. ಕಬ್ಬಿಣ ಗಂಧಕಗಳ ಗೊಂಚಲೊಂದನ್ನು ಗಂಟೆಯಂತೆ ಧರಿಸಿರುವ ಸಾಕ್ಸ್‌ಆರ್, ಆ ಗೊಂಚಲು ಉತ್ಕರ್ಷಣಗೊಂಡೊಡನೆ ಸಾಕ್ಸ್‌ಎಸ್ಸನ್ನು ಕರೆಯುತ್ತದೆ. ಸಾಕ್ಸ್‌ಎಸ್ ಬಂದು ನಡುವಣ ಕಿಣ್ವದ ಉತ್ಪಾದನೆಯನ್ನು ಹೆಚ್ಚಿಸುತ್ತದೆ, ಕಬ್ಬಿಣದ ಗೊಂಚಲಿರುವ ಫ್ಯುಮರೇಸ್ ಎಂಬ ಕಿಣ್ವಕ್ಕೆ ಬದಲಾಗಿ ಕಬ್ಬಿಣವೇ ಬೇಡದ ಫ್ಯುಮರೇಸನ್ನು ತಯಾರಿಸುತ್ತದೆ. ಸೂಡೋಮೋನಾಸ್ ಜಾತಿಯ ಒಂದು ಬ್ಯಾಕ್ಟೀರಿಯವು ಕೆಟ್ಟ ಗಾಯಗಳ ಕೀವಿಗೆ ನೀಲಿ-ಹಸಿರು ಬಣ್ಣ ಕೊಡುವ ಪಯೋಸಯನಿನ್ ಎಂಬ ವರ್ಣದ್ರವ್ಯವನ್ನು ಸ್ರವಿಸುತ್ತದೆ. ಅದು ನೆರೆಯ ಬ್ಯಾಕ್ಟೀರಿಯಗಳ ಒಳಹೊಕ್ಕು ಎಲೆಕ್ಟ್ರಾನುಗಳನ್ನು ಕದ್ದು ಆಮ್ಲಜನಕಕ್ಕೆ ದಾಟಿಸುವ ವಿಷ. ಸಾಕ್ಸ್‌ಆರ್‌ನ ಗಂಟೆ ಮೊಳಗುವುದು ಇಂಥ ವಿಷಗಳು ತಾಗಿದಾಗ.

ಇದೆಲ್ಲವೂ ಸತ್ಯ. ಆದರೆ ವಂಶವಾಹಿಯನ್ನು ಓದಿ ಪ್ರೋಟೀನನ್ನು ನೇಯಲು ನಿಮಿಷಗಳು ಬೇಕು, ಉರಿಯೋ ಕ್ಷಣದಲ್ಲಿ ತಾಗುತ್ತದೆ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಮಂಜೂರಾತಿ ಬರುವ ತನಕ ಹತ್ತಿದ ಬಣವೆ ಕಾಯುವುದೇ? ಆ ನಡುವಣ ನಿಮಿಷಗಳಲ್ಲಿ ಬ್ಯಾಕ್ಟೀರಿಯವನ್ನು ಬದುಕಿಸುವುದೇನೆಂಬುದೇ ನನ್ನ ಮನಸ್ಸನ್ನು ಬಹುಕಾಲ ಸೆಳೆದ ಪ್ರಶ್ನೆ.

ಉತ್ತರದ ಒಂದು ಭಾಗ ಹೆದ್ದಾರಿಯ ನಡುವಿನಲ್ಲಿದೆ. ಸಕ್ಕರೆಯು ಮೂರು ಇಂಗಾಲಗಳ ತುಂಡಾದ ಮೇಲೆ ಅದನ್ನು ಉತ್ಕರ್ಷಣಗೊಳಿಸುವ ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವವು ಗಂಧಕದ ಕೈಯುಳ್ಳದ್ದು, ಮತ್ತು ಆ ಕೈ ಪೆರಾಕ್ಸೈಡಿಗೆ ಅತಿ ಸುಲಭವಾಗಿ ಸುಟ್ಟುಕೊಳ್ಳುವಂಥದು. ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಇದನ್ನು ಪೆರಾಕ್ಸೈಡಿನ ಹಾನಿಗಳ ಪಟ್ಟಿಯಲ್ಲಿ ಒಂದೆಂದು ಬರೆದುಕೊಂಡಿದ್ದೆವು. ಗ್ಲಿಸರಾಲ್ಡಿಹೈಡಿನ ಕಿಣ್ವ ನಿಂತಿತೆಂದರೆ ಹೆದ್ದಾರಿಯ ಕೆಳಭಾಗ ಬಂದಾಯಿತು; ಎಟಿಪಿಯ ಗಳಿಕೆ ಕುಸಿಯಿತು; ನಷ್ಟವೇ ಸರಿ. ಆದರೆ ಮೇಲಿನಿಂದ ಬರುತ್ತಿರುವ ಸಕ್ಕರೆ ಎಲ್ಲಿಗೆ ಹೋಗಬೇಕು? ಕೆಳಗಿನ ಕಾಲುವೆಯಲ್ಲಿ ಒಡ್ಡು ಕುಸಿದು ಮಣ್ಣು ತುಂಬಿಕೊಂಡಾಗ ಮೇಲಿನ ನೀರು ಏರುತ್ತ ಏರುತ್ತ ಪಕ್ಕದ ಕವಲಿಗೆ ನುಗ್ಗುವುದನ್ನು ನಾವು ಹುಡುಗರು ಕಾಲುವೆಯ ದಂಡೆಯಲ್ಲಿ ಕೂತು ಎಷ್ಟು ಸಲ ನೋಡಿರಲಿಲ್ಲ! ಅಂತೆಯೇ ಇಲ್ಲಿಯೂ ಸಕ್ಕರೆಯ ಫಾಸ್ಫೇಟುಗಳು ಅಡೆಯ ಮೇಲೆ ಶೇಖರವಾಗಿ, ಕೆಲವು ಹಿಂದಕ್ಕೇರಿ, ನಡುವಣ ಕಿಣ್ವದ ಕವಲಿಗೆ ಸೇರುತ್ತವೆ. ಅಲ್ಲಿ ಎನ್‌ಎಡಿಪಿಎಚ್ ಉತ್ಪನ್ನವಾಗುತ್ತದೆ. 2007ರಲ್ಲಿ ಮಾರ್ಕುಸ್ ರಾಲ್ಸರ್ ಮತ್ತು ಸಂಗಡಿಗರು ಯೀಸ್ಟಿನಲ್ಲಿಯೂ ಒಂದು ಸಣ್ಣ ದುಂಡುಹುಳುವಿನಲ್ಲಿಯೂ ಇದನ್ನು ಪರೀಕ್ಷಿಸಿ, ಹೆದ್ದಾರಿಯಲ್ಲಿ ಅಡೆಯುಂಟಾಗುವುದು ಉತ್ಕರ್ಷಣದ ಒತ್ತಡವನ್ನು ಎದುರಿಸಲು ನೆರವಾಗುತ್ತದೆಂದು ಪ್ರಕಟಿಸಿದರು. ಹಾನಿಯ ಪಟ್ಟಿಯಲ್ಲಿದ್ದುದನ್ನು ರಕ್ಷಣೆಯ ಪಟ್ಟಿಗೆ ವರ್ಗಾಯಿಸಬೇಕಾಯಿತು. ಪೆಟ್ಟೇ ಅಪ್ಪಣೆಯಾಯಿತು, ಕೈ ಸುಟ್ಟುಕೊಂಡವನೇ, ಕೈ ಸುಟ್ಟುಕೊಂಡುದರಿಂದಲೇ, ನೀರನ್ನು ತಿರುಗಿಸಿದಂತಾಯಿತು.

ಉತ್ತರದ ಇನ್ನೊಂದು ಭಾಗ ಕವಲಿನ ಬಾಗಿಲಿನಲ್ಲಿಯೇ ಇದೆ. 2018ರಲ್ಲಿ ಜೂರಿಕ್ಕಿನ ಉವೆ ಸೌವರ್ ಅವರ ಪ್ರಯೋಗಶಾಲೆಯವರು ಕೋಲೈಗೆ ಪೆರಾಕ್ಸೈಡನ್ನು ಹನಿಸಿ, ತತ್‌ಕ್ಷಣದಲ್ಲಿ ಸಕ್ಕರೆಯ ಫಾಸ್ಫೇಟುಗಳು ಏರಿಳಿಯುವ ಪರಿಯನ್ನು ಅಳೆದು, ಯಾವ ನಿಯಂತ್ರಣವಿದ್ದರೆ ಆ ಏರಿಳಿತ ಹೊಂದುವುದೆಂದು ಗಣಿತದಿಂದ ಶೋಧಿಸಿದರು. ಗ್ಲಿಸರಾಲ್ಡಿಹೈಡ್ ಕಿಣ್ವದ ಅಡೆಯೊಂದರಿಂದಲೇ ಲೆಕ್ಕ ಕೂಡಲಿಲ್ಲ. ನಡುವಣ ಕಿಣ್ವದ ಬಾಯಿಗೆ ಎನ್‌ಎಡಿಪಿಎಚ್ ತಾನೇ ಬಿರಡೆಯಾಗಿ ಕೂತಿರುತ್ತದೆಂಬುದನ್ನೂ ಸೇರಿಸಿದಾಗ ಲೆಕ್ಕ ಕೂಡಿತು. ಶಾಂತಿಕಾಲದಲ್ಲಿ ಈ ನಾಣ್ಯ ಬೇಕಾದಷ್ಟಿರುವುದರಿಂದ ಕವಲಿನ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ. ಪೆರಾಕ್ಸೈಡು ಬಂದು ನಾಣ್ಯ ಖರ್ಚಾಗತೊಡಗಿದೊಡನೆ ಬಿರಡೆ ಸಡಿಲಿ ಬಾಗಿಲು ತೆರೆಯುತ್ತದೆ. ಹೊಸ ಕಿಣ್ವವನ್ನು ನೇಯಬೇಕಾಗಿಲ್ಲ, ಇದ್ದ ಕಿಣ್ವವೇ ತನ್ನ ಪೂರ್ಣಸಾಮರ್ಥ್ಯದಿಂದ ದುಡಿಯುತ್ತದೆ. ಹೀಗೆ ದಿಢೀರನೆ ದಾರಿ ಬದಲಿಸುವ ಶಕ್ತಿಯನ್ನು ಕುಗ್ಗಿಸಿದ ಕೋಲೈಗಳು ಉತ್ಕರ್ಷಣಕ್ಕೆ ಹೆಚ್ಚು ಸುಲಭವಾಗಿ ಬಲಿಯಾದುವು.

ಈ ಅರ್ಧ ಮುಚ್ಚಿದ ಬಾಗಿಲಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೀವಿಯು ಮಿತವ್ಯಯದ ಪ್ರತಿಮೂರ್ತಿ, ಅನಾವಶ್ಯಕವಾದುದೊಂದನ್ನೂ ಇಟ್ಟುಕೊಳ್ಳದು ಎಂದು ನಾವು ಅನೇಕ ವರ್ಷ ಬೋಧಿಸಿದೆವು. ಬೇಕಾದುದಕ್ಕಿಂತ ಹೆಚ್ಚು ಕಿಣ್ವ ಕಂಡಲ್ಲೆಲ್ಲ ಅಳತೆಯ ದೋಷವೆಂದೋ ವಿಕಾಸದ ಅಲಕ್ಷ್ಯವೆಂದೋ ಸಮಾಧಾನ ಹೇಳಿಕೊಂಡೆವು. ಅದು ಕಣಜದಲ್ಲಿ ಮಳೆಗಾಲಕ್ಕೆಂದು ತೆಗೆದಿಟ್ಟ ಭತ್ತವೆಂಬುದು ನಮ್ಮ ಅಜ್ಜಿಯರಿಗಾಗಿದ್ದರೆ ನೋಡಿದೊಡನೆ ಹೊಳೆಯುತ್ತಿತ್ತು.

ಆದರೆ ಈ ಕವಲೇ ಅಭೇದ್ಯವಾದುದೆಂದು ಭ್ರಮಿಸಬಾರದು. ಪೆಂಟೋಸುಗಳನ್ನು ಒಂದರಿಂದೊಂದಕ್ಕೆ ಮಾರ್ಪಡಿಸುವ ಎಪಿಮರೇಸ್ ಎಂಬ ಕಿಣ್ವವು ಕಬ್ಬಿಣದ ಒಂದೇ ಪರಮಾಣುವನ್ನು ಹಿಡಿದು ಕೆಲಸ ಮಾಡುತ್ತದೆ. ಪೆರಾಕ್ಸೈಡು ಆ ಕಬ್ಬಿಣದೊಡನೆ ಫೆಂಟನ್ನನ ಆಟವಾಡಿ ಕಿಣ್ವವನ್ನೇ ಹಾಳುಮಾಡುತ್ತದೆಂದು ಸೊಬೋಟ ಮತ್ತು ಇಮ್ಲೆ 2011ರಲ್ಲಿ ತೋರಿಸಿದರು. ಕೋಲೈಯ ಪರಿಹಾರ ಸೊಗಸಾಗಿದೆ: ಆಕ್ಸಿಆರ್ ಎಚ್ಚರವಾದೊಡನೆ ಹೊರಗಿನಿಂದ ಮ್ಯಾಂಗನೀಸನ್ನು ಒಳಕ್ಕೆಳೆದುಕೊಳ್ಳುವ ದ್ವಾರವು ಹೆಚ್ಚು ಹೆಚ್ಚಾಗಿ ತಯಾರಾಗುತ್ತದೆ, ಕಬ್ಬಿಣವಿದ್ದ ಸ್ಥಾನದಲ್ಲಿ ಮ್ಯಾಂಗನೀಸು ಬಂದು ಕೂರುತ್ತದೆ. ಅದು ಪೆರಾಕ್ಸೈಡಿನೊಡನೆ ಜಗಳಕ್ಕೆ ನಿಲ್ಲುವ ಲೋಹವಲ್ಲ. ಮ್ಯಾಂಗನೀಸಿನ ಈ ಕಲೆಯನ್ನು ಪರಮಾವಧಿಗೊಯ್ದವರನ್ನು ನೋಡಬೇಕಾದರೆ ಹುಳಿಹಿಟ್ಟಿನಲ್ಲಿಯೂ ಉಪ್ಪಿನಕಾಯಿಯಲ್ಲಿಯೂ ನೆಲಸುವ ಲ್ಯಾಕ್ಟೋಬ್ಯಾಸಿಲಸ್ ಬಳಗದ ಒಂದು ಪ್ರಭೇದವನ್ನು ನೋಡಬೇಕು: ಅದಕ್ಕೆ ಸೂಪರಾಕ್ಸೈಡನ್ನು ಇಲ್ಲವಾಗಿಸುವ ಕಿಣ್ವವೇ ಇಲ್ಲ, ಅದು ಮ್ಯಾಂಗನೀಸನ್ನೇ ಮಿಲಿಮೋಲಾರುಗಳ ಪ್ರಮಾಣದಲ್ಲಿ ಒಡಲು ತುಂಬಿಕೊಂಡು, ಆ ಲೋಹದಿಂದಲೇ ಕಿಣ್ವದ ಕೆಲಸ ತೆಗೆಯುತ್ತದೆಂದು ಆರ್ಚಿಬಾಲ್ಡ್ ಮತ್ತು ಫ್ರಿಡೋವಿಚ್ 1981ರಲ್ಲಿ ಕಂಡರು.

ಮಣ್ಣಿನಲ್ಲಿ ವಾಸಿಸುವ ಸೂಡೋಮೋನಾಸ್ ಪ್ಯುಟಿಡದ್ದು ಬೇರೆಯೇ ಜೀವನಕ್ರಮ. ಅದಕ್ಕೆ ಹೆದ್ದಾರಿಯ ಮೇಲ್ಭಾಗದ ಒಂದು ಮುಖ್ಯ ಕಿಣ್ವ, ಫಾಸ್ಫೋಫ್ರಕ್ಟೊಕೈನೇಸ್, ಹುಟ್ಟಿನಿಂದಲೇ ಇಲ್ಲ. ಎಂಟ್ನರ್ ಮತ್ತು ಡೌಡೊರೊಫ್ 1952ರಲ್ಲಿ ಕಂಡ ಮೂರನೆಯ ದಾರಿಯೊಂದರಿಂದ ಅದು ಸಕ್ಕರೆಯನ್ನು ಒಡೆಯುತ್ತದೆ. ಎಟಿಪಿಯ ಗಳಿಕೆ ಹೆದ್ದಾರಿಯ ಅರ್ಧದಷ್ಟೇ. ಇಂಥ ಕಡಮೆ ಲಾಭದ ವ್ಯಾಪಾರವನ್ನು ಅದೇಕೆ ಹಿಡಿದುಕೊಂಡಿತೆಂಬುದು ಲೆಕ್ಕದವರಿಗೆ ಬಹುಕಾಲದ ಒಗಟು. ಮ್ಯಾಡ್ರಿಡ್ಡಿನಲ್ಲಿ ವಿಕ್ಟರ್ ದೆ ಲೊರೆಂಜೊ ಅವರ ಸಂಗಡಿಗರು ಕೋಲೈಯಿಂದ ಆ ಇಲ್ಲದ ಕಿಣ್ವವನ್ನು ತಂದು ಪ್ಯುಟಿಡದಲ್ಲಿ ನೆಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದಕ್ಕೆ ಅನುಕೂಲವಾಗುವ ಬದಲು ಬೆಳವಣಿಗೆ ಕುಂಠಿತವಾಯಿತು, ಎನ್‌ಎಡಿಪಿಎಚ್ ಕ್ಷೀಣಿಸಿತು, ಪೆರಾಕ್ಸೈಡಿಗೆ ಅದು ಬಹು ಸುಲಭವಾಗಿ ಮಣಿಯಿತು. ಮಣ್ಣಿನ ಬದುಕಿನಲ್ಲಿ, ನೆರೆಯವರ ವಿಷಗಳ ನಡುವೆ, ಕೊಳೆತ ಮರದ ರಾಳ ಮತ್ತು ಎಣ್ಣೆಗಳನ್ನುಂಡು ಬಾಳುವವನಿಗೆ ಗಳಿಕೆಗಿಂತ ದುರಸ್ತಿಯ ಗಂಟು ಮುಖ್ಯವೆಂದಾಯಿತು. ಕೋಲೈಯು ಆಪತ್ತು ಬಂದಾಗ ಮಾತ್ರ ಹಿಡಿಯುವ ದಾರಿಯನ್ನು ಪ್ಯುಟಿಡವು ನಿತ್ಯದ ದಾರಿಯನ್ನಾಗಿ ಮಾಡಿಕೊಂಡಿದೆ.

ಇಷ್ಟು ಹೊತ್ತು ಬ್ಯಾಕ್ಟೀರಿಯದ ಪಕ್ಷದಿಂದಲೇ ಮಾತನಾಡಿದೆ. ಎದುರು ಪಕ್ಷದಲ್ಲಿ ನಾವಿದ್ದೇವೆ. ದೇಹಕ್ಕೆ ನುಗ್ಗಿದ ಬ್ಯಾಕ್ಟೀರಿಯವನ್ನು ಬಿಳಿಯ ರಕ್ತಕಣವು ನುಂಗಿದೊಡನೆ ಆ ಕಣದ ಉಸಿರಾಟ ಹಠಾತ್ತನೆ ಏರುವುದನ್ನು ಬಾಲ್ಡ್ರಿಜ್ ಮತ್ತು ಜೆರಾರ್ಡ್ 1933ರಲ್ಲಿ ಗಮನಿಸಿ, ಶಕ್ತಿಗಾಗಿ ಇರಬೇಕೆಂದುಕೊಂಡರು. ಶಕ್ತಿಗಾಗಿ ಅಲ್ಲವೆಂಬುದು ತಡವಾಗಿ ತಿಳಿಯಿತು. ರಕ್ತಕಣವು ಹಾಗೆ ಸೆಳೆದುಕೊಂಡ ಆಮ್ಲಜನಕಕ್ಕೆ ಎಲೆಕ್ಟ್ರಾನೊಂದನ್ನು ಕೊಟ್ಟು ಸೂಪರಾಕ್ಸೈಡನ್ನು ತಯಾರಿಸಿ, ನುಂಗಿದ ಬ್ಯಾಕ್ಟೀರಿಯದ ಮೇಲೆ ಸುರಿಯುತ್ತದೆ. ಆ ಎಲೆಕ್ಟ್ರಾನು ಬರುವುದೆಲ್ಲಿಂದ? ಎನ್‌ಎಡಿಪಿಎಚ್‌ನಿಂದ. ಎನ್‌ಎಡಿಪಿಎಚ್ ಬರುವುದೆಲ್ಲಿಂದ? ಸಕ್ಕರೆಯ ಪಕ್ಕದ ಕವಲಿನಿಂದ, ನಡುವಣ ಕಿಣ್ವದಿಂದ! ಅಂದರೆ ಕೊಲ್ಲುವವನೂ ಬದುಕಲೆಣಿಸುವವನೂ ಒಂದೇ ಟಂಕಸಾಲೆಯ ನಾಣ್ಯದಿಂದ ಯುದ್ಧ ಮಾಡುತ್ತಿದ್ದಾರೆ. ಒಬ್ಬನು ಅದರಿಂದ ಬೆಂಕಿಯನ್ನು ಕೊಳ್ಳುತ್ತಾನೆ, ಮತ್ತೊಬ್ಬನು ನೀರನ್ನು. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ, ಕಿಟಕಿಯ ಬಳಿ ಬಹುಹೊತ್ತು ನಿಂತಿದ್ದೆ.

ನಮ್ಮಲ್ಲಿಯೇ ಕೆಲವರಿಗೆ ಈ ನಡುವಣ ಕಿಣ್ವ ಹುಟ್ಟಿನಿಂದ ದುರ್ಬಲವಾಗಿರುತ್ತದೆ. ಕೋಶಕೇಂದ್ರವೂ ಮೈಟೊಕಾಂಡ್ರಿಯವೂ ಇಲ್ಲದ ಕೆಂಪು ರಕ್ತಕಣಕ್ಕೆ ಎನ್‌ಎಡಿಪಿಎಚ್ ಪಡೆಯಲು ಬೇರೆ ದಾರಿಯಿಲ್ಲದುದರಿಂದ ಅಂಥವರು ಮಲೇರಿಯದ ಪ್ರೈಮಕ್ವಿನ್ ಮಾತ್ರೆಯನ್ನು ನುಂಗಿದಾಗ ಕಣಗಳು ಒಡೆದುಹೋಗುತ್ತವೆ; ಇದರ ಕಾರಣ 1956ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯದ ಸಂಕಟವನ್ನು ಮನುಷ್ಯನೇ ಅನುಭವಿಸಿ ನೋಡುವ ಸಂದರ್ಭವೆಂದರೆ ಇದೇ.

ನಮ್ಮ ದಕ್ಷಿಣ ದೇಶದ ನಂಟಿರುವ ಒಂದು ಪ್ರಸಂಗವನ್ನು ಹೇಳಬೇಕು. ಕ್ಷಯಕ್ಕೆ ಐಸೋನಿಯಾಜಿಡ್ ಮದ್ದು 1952ರಲ್ಲಿ ಬಳಕೆಗೆ ಬಂತು. ಎರಡೇ ವರ್ಷಗಳಲ್ಲಿ, ಆ ಮದ್ದಿಗೆ ಜಗ್ಗದ ಕ್ಷಯಾಣುಗಳಲ್ಲಿ ಹಲವು ತಮ್ಮ ಕೆಟಲೇಸನ್ನು ಕಳೆದುಕೊಂಡಿರುವುದನ್ನು ಮಿಡಲ್‌ಬ್ರೂಕ್ ಗಮನಿಸಿದನು. ಪೆರಾಕ್ಸೈಡನ್ನು ಎದುರಿಸುವ ಕವಚವನ್ನು ಯಾರಾದರೂ ತಾವಾಗಿ ಬಿಸುಡುವರೇ? 1992ರಲ್ಲಿ ಒಗಟು ಬಿಚ್ಚಿತು: ಕ್ಷಯಾಣುವಿನ ಆ ಕಿಣ್ವವೇ ಐಸೋನಿಯಾಜಿಡನ್ನು ವಿಷವಾಗಿ ಮಾರ್ಪಡಿಸುವುದು, ಕಿಣ್ವವಿಲ್ಲದಿದ್ದರೆ ಮದ್ದು ಮದ್ದಲ್ಲ. ಕರ್ಣನಂತೆ ಕವಚವನ್ನು ಕೊಯ್ದುಕೊಟ್ಟು ಅದು ಬೇರೊಂದು ಬಗೆಯ ಆಯುಸ್ಸನ್ನು ಕೊಳ್ಳುತ್ತದೆ. ಈ ನಡುವೆ 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನ ಕೇಂದ್ರ ತೆರೆಯಿತು. ಅಲ್ಲಿಯ ರೋಗಿಗಳಿಂದ ಪಡೆದ ಕ್ಷಯಾಣುಗಳನ್ನು ಬ್ರಿಟನ್ನಿನ ತಳಿಗಳೊಡನೆ ಹೋಲಿಸಿದ ಮಿಚಿಸನ್, ಸುಬ್ಬಯ್ಯ ಮೊದಲಾದವರು, ದಕ್ಷಿಣ ಭಾರತದ ಅನೇಕ ತಳಿಗಳು ಗಿನಿಯಿಲಿಗಳಲ್ಲಿ ಅಷ್ಟು ಉಗ್ರವಾಗಿಲ್ಲವೆಂದೂ ಪೆರಾಕ್ಸೈಡಿಗೆ ಹೆಚ್ಚು ಸುಲಭವಾಗಿ ಸಾಯುತ್ತವೆಂದೂ 1960ರ ಸುಮಾರಿಗೆ ಬರೆದರು. ಗಿನಿಯಿಲಿಯಲ್ಲಿ ಸಾಧುವಾಗಿದ್ದ ಆ ತಳಿಗಳು ನಮ್ಮ ಜನರ ಶ್ವಾಸಕೋಶವನ್ನು ಮಾತ್ರ ಬಿಟ್ಟಿರಲಿಲ್ಲ. ಕ್ಷಯಾಣುವು ದೇಹದೊಳಗೆ ಹೆಚ್ಚಾಗಿ ಕೊಬ್ಬನ್ನುಂಡು ಬಾಳುವುದಾದರೂ ಸಕ್ಕರೆಯ ನಂಟನ್ನು ಕಡಿದುಕೊಂಡಿಲ್ಲ: ಗ್ಲುಟಾಥಯೋನಿಗೆ ಬದಲಾಗಿ ಅದು ಬಳಸುವ ಮೈಕೊಥಯೋಲ್ ಎಂಬ ರಕ್ಷಕವಸ್ತುವು ಗಂಧಕದ ಕೈಯೊಂದನ್ನು ಸಕ್ಕರೆಯ ಮೈಗೆ ಹೊಲಿದು ಮಾಡಿದ್ದು.

ಹೊತ್ತು ಮೀರುತ್ತಿದೆ, ಅಧ್ಯಕ್ಷರು ಗಡಿಯಾರವನ್ನು ಎರಡು ಬಾರಿ ನೋಡಿದರು. ಜೇನಿನ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಗಾಯಕ್ಕೆ ಜೇನುತುಪ್ಪ ಹಚ್ಚುವ ಪದ್ಧತಿ ನಮ್ಮ ಮಲೆನಾಡಿನಲ್ಲಿಯೂ ಉಂಟು, ಜಗತ್ತಿನ ಬೇರೆಡೆಗಳಲ್ಲಿಯೂ ಉಂಟು. ಅದರಲ್ಲಿ ಬ್ಯಾಕ್ಟೀರಿಯವನ್ನು ತಡೆಯುವ ವಸ್ತುವೊಂದಿದೆಯೆಂದು 1937ರಲ್ಲಿ ಜರ್ಮನ್ ವಿಜ್ಞಾನಿಗಳು ಹೇಳಿ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. 1963ರಲ್ಲಿ ವೈಟ್ ಮತ್ತು ಸಂಗಡಿಗರು ಆ ವಸ್ತು ಹೈಡ್ರೋಜನ್ ಪೆರಾಕ್ಸೈಡೆಂದೇ ಗುರುತಿಸಿದರು. ಜೇನುನೊಣವು ತನ್ನ ತಲೆಯ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಮಕರಂದಕ್ಕೆ ಬೆರೆಸುತ್ತದೆ. ತುಪ್ಪ ಗಟ್ಟಿಯಾಗಿರುವ ತನಕ ಆ ಕಿಣ್ವ ಬಹುಮಟ್ಟಿಗೆ ನಿದ್ರಿಸುತ್ತಿರುತ್ತದೆ. ಗಾಯದ ನೀರು ಸೇರಿ ತುಪ್ಪ ತೆಳುವಾದೊಡನೆ ಎಚ್ಚೆತ್ತು, ಸಕ್ಕರೆಯನ್ನು ಗ್ಲೂಕೋನಿಕ್ ಆಮ್ಲವಾಗಿ ಮಾರ್ಪಡಿಸುತ್ತ ಪೆರಾಕ್ಸೈಡನ್ನು ಹೊರಕ್ಕೆ ಬಿಡುತ್ತದೆ. ಅಲ್ಲಿ ಬಂದು ಬಿದ್ದ ಬ್ಯಾಕ್ಟೀರಿಯದ ಸ್ಥಿತಿಯನ್ನು ಊಹಿಸಿಕೊಳ್ಳಿ: ಸುತ್ತಲೂ ಸಕ್ಕರೆ, ಆ ಸಕ್ಕರೆಯಿಂದಲೇ ಹೊರಗೆ ಪೆರಾಕ್ಸೈಡು ಹುಟ್ಟುತ್ತಿದೆ, ಅದೇ ಸಕ್ಕರೆಯನ್ನು ಅದು ಒಳಕ್ಕೆಳೆದುಕೊಂಡು, ಹೆದ್ದಾರಿಯ ಬಾಗಿಲು ಮುಚ್ಚಿಕೊಂಡುದರಿಂದ ಪಕ್ಕದ ಕವಲಿಗೆ ನೂಕಿ, ಎನ್‌ಎಡಿಪಿಎಚ್ಚನ್ನು ಟಂಕಿಸುತ್ತಿದೆ. ಒಂದೇ ಹನಿಯಲ್ಲಿ ವಿಷವೂ ಉಂಟು, ವಿಷಕ್ಕೆ ಮದ್ದೂ ಉಂಟು, ಮತ್ತು ಆ ಹನಿಗೆ ಇನ್ನಷ್ಟು ನೀರು ಸೇರುತ್ತಲೇ ಇದೆ.